ಪರದೆ ಹಳೆಯದೇ ಇರಲಿ, ಲೆಕ್ಕ ಮೊದಲು ಸಾಗಲಿ

2025ರ ಜನವರಿಯಲ್ಲಿ ನಮ್ಮ ಪತ್ತಿನ ಸಂಘದಲ್ಲಿ ಒಬ್ಬರು ಐದು ವರ್ಷದ ಮುದ್ದತ್ತು ಠೇವು ಇಟ್ಟರು. ಮರುದಿನ ಬೆಳಿಗ್ಗೆ ಸಾಫ್ಟ್‌ವೇರ್ ತೆಗೆದುಕೊಟ್ಟ ಪಟ್ಟಿಯಲ್ಲಿ ಆ ಠೇವಿನ ಮುದ್ದತ್ತು ಮುಗಿದು 95 ವರ್ಷ ಆಗಿತ್ತು.

ಕ್ಯಾಶಿಯರ್ ನಕ್ಕರು. ನನಗೆ ನಗು ಬರಲಿಲ್ಲ. ಆ ಠೇವು 2030ರ ಜನವರಿಗೆ ಮುಗಿಯಬೇಕು. ನಮ್ಮ ಸಾಫ್ಟ್‌ವೇರ್ ತಾರೀಖನ್ನು ಪರದೆಯ ಮೇಲೆ ಎರಡಂಕಿ ವರ್ಷದಲ್ಲಿ ತೋರಿಸುತ್ತದೆ, ಅಂದರೆ ಬರೀ 30. ಉಳಿಸುವಾಗ ಅದೇ 30ನ್ನು ಮತ್ತೆ ಓದಿಕೊಳ್ಳುತ್ತದೆ. ನಮ್ಮ ಕಂಪ್ಯೂಟರ್‌ಗಳಲ್ಲಿ 00ರಿಂದ 29ರವರೆಗೆ ಹೊಡೆದರೆ 2000ದ ಈಚಿನ ವರ್ಷ. 30ರಿಂದ 99ರವರೆಗೆ ಹೊಡೆದರೆ 1900ರ ಲೆಕ್ಕ. ಹಾಗಾಗಿ 2030 ಹೋಗಿ 1930 ಆಯಿತು. ನಮ್ಮಲ್ಲಿ ಐದು ವರ್ಷ ಮೀರಿದ ಠೇವೂ ಇಲ್ಲ, ಸಾಲವೂ ಇಲ್ಲ. ಅದಕ್ಕೇ ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಂಘ ಇರುವುದು ಬಾಗಲಕೋಟೆಯಲ್ಲಿ. ಮುಖ್ಯ ಕಚೇರಿ ಹಳೆ ಊರಿನ ಮಾರುಕಟ್ಟೆಯಲ್ಲಿ, ಶಾಖೆಗಳು ನವನಗರ, ಗುಳೇದಗುಡ್ಡ, ಇಳಕಲ್ಲಿನಲ್ಲಿ. ನಾನು ಲೆಕ್ಕ ನೋಡುವವಳು. ಕಂಪ್ಯೂಟರ್ ಕೆಟ್ಟರೆ ನೋಡುವವಳೂ ನಾನೇ, ಅದಕ್ಕೆ ಬೇರೆ ಪಗಾರ ಇಲ್ಲ. ಷೇರು, ಉಳಿತಾಯ, ಪಿಗ್ಮಿ, ಠೇವು, ಸಾಲ, ಸುಸ್ತಿ ಬಡ್ಡಿ, ಕಿರ್ದಿ, ಖತಾವಣಿ, ಅಢಾವೆ ಪತ್ರಿಕೆ ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ. 2003ರಲ್ಲಿ ಬರೆಸಿದ್ದು. ಮುಂದೆ ವಿಷುವಲ್ ಬೇಸಿಕ್ 6 (ವಿಬಿ6) ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದ ಪರದೆ, ಹಿಂದೆ ಲೆಕ್ಕ ಕೂಡಿಡುವ ಆಕ್ಸೆಸ್ ಡೇಟಾಬೇಸ್. ಪ್ರತಿ ಶಾಖೆಗೆ ತನ್ನದೇ ಫೈಲು. ಬರೆದವರು ಇದೇ ಊರಿನವರು. ಆಗ ಕಾಲೇಜು ಮುಗಿಸಿದ ಹುಡುಗ, ಈಗ ಪುಣೆಯಲ್ಲಿ ದೊಡ್ಡ ಕೆಲಸ.

ಅವರಿಗೆ ಫೋನ್ ಮಾಡಿದೆ. ಒಂದು ತಾತ್ಕಾಲಿಕ ದಾರಿ ಹೇಳಿದರು. ವಿಂಡೋಸಿನ ಕಂಟ್ರೋಲ್ ಪ್ಯಾನಲ್‌ನಲ್ಲಿ ರೀಜನ್ ಎಂಬಲ್ಲಿ ಆ ಎರಡಂಕಿ ವರ್ಷದ ಗಡಿ ಬದಲಿಸಬಹುದು. 2029 ಇದ್ದದ್ದನ್ನು 2049 ಮಾಡಿದೆವು. ಠೇವು ಸರಿಹೋಯಿತು. ಆದರೆ ಇದನ್ನು ಪ್ರತಿ ಕಂಪ್ಯೂಟರಿನಲ್ಲಿ, ಪ್ರತಿ ಲಾಗಿನ್‌ಗೂ ಮಾಡಬೇಕು. ಯಾರೋ ವಿಂಡೋಸ್ ಹೊಸದಾಗಿ ಹಾಕಿದರೆ ಮತ್ತೆ 1930. ಸರಿಯಾದ ದಾರಿ ಅಂದರೆ ಪ್ರೋಗ್ರಾಮನ್ನೇ ತಿದ್ದುವುದು. ಅದಕ್ಕೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳು ಬೇಕು.

ಸೋರ್ಸ್ ಎಲ್ಲಿದೆ? ತಿಜೋರಿಯಲ್ಲಿ ಒಂದು ಸೀಡಿ ಇತ್ತು. ಅದರಲ್ಲಿದ್ದ ಫೈಲುಗಳು 2009ರವು. ಕೌಂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಂ 2012ರದ್ದು. ನಡುವಿನ ಮೂರು ವರ್ಷದಲ್ಲಿ ಸುಸ್ತಿ ಬಡ್ಡಿಯ ನಿಯಮ ಬದಲಾಗಿದೆ, ಪಿಗ್ಮಿ ಕಮಿಷನ್ ಬದಲಾಗಿದೆ. ಅಂದರೆ ನಮ್ಮ ಹತ್ತಿರ ಇದ್ದದ್ದು ಓಡುವ ಸಾಫ್ಟ್‌ವೇರೇ ಹೊರತು ಅದನ್ನು ತಿದ್ದುವ ಅಧಿಕಾರ ಅಲ್ಲ. ಹಳೆ ಸಾಫ್ಟ್‌ವೇರ್ ಇಟ್ಟುಕೊಂಡವರು ಮೊದಲು ನೋಡಬೇಕಾದ ಜಾಗ ಇದು ಅಂತ ನನಗೆ ಅನಿಸುತ್ತದೆ. ಹೊಸ ಪ್ಲಾಟ್‌ಫಾರ್ಮ್ ಯಾವುದು ಅನ್ನೋದು ಆಮೇಲಿನ ಮಾತು.

ಆ ಹೊತ್ತಿಗೆ ಇಳಕಲ್ ಶಾಖೆಯ ಕೌಂಟರ್ ಕಂಪ್ಯೂಟರ್ ಮದರ್‌ಬೋರ್ಡ್ ಸುಟ್ಟು ಕೂತಿತು. ಹೊಸದು ತಂದರೆ ಅದರಲ್ಲಿ ವಿಂಡೋಸ್ 11. ಹಳೆ ಪ್ರೋಗ್ರಾಂ ಇದರಲ್ಲಿ ಓಡುವುದೇ ಇಲ್ಲ ಎಂದು ಎಲ್ಲರೂ ಹೇಳಿದರು. ಅಂಗಡಿಯವನೂ ಹೇಳಿದ. ಆದರೆ ಓಡಿತು! ವಿಬಿ6 ಬಂದದ್ದು 1998ರಲ್ಲಿ. ಪ್ರೋಗ್ರಾಂ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2008ರಲ್ಲಿ. ಆದರೆ ಬರೆದಿಟ್ಟ ಪ್ರೋಗ್ರಾಂ ಓಡಲು ಬೇಕಾದ ಮುಖ್ಯ ಫೈಲುಗಳು ವಿಂಡೋಸ್ 11ರ ಜೊತೆಗೂ ಬರುತ್ತವೆ. ಹೊರಗಿನಿಂದ ತಂದು ಸೇರಿಸಿದ್ದ ಒಂದೆರಡು ಓಸಿಎಕ್ಸ್ ಎಂಬ ಸಹಾಯಕ ಫೈಲುಗಳನ್ನು ಮಾತ್ರ ಕೈಯಿಂದ ನೋಂದಾಯಿಸಬೇಕಾಯಿತು. ನಿಂತುಹೋದದ್ದು ಪಾಸ್‌ಬುಕ್ ಪ್ರಿಂಟರ್. ಪ್ರೋಗ್ರಾಂ ಸೀದಾ ಎಲ್‌ಪಿಟಿ1 ಎಂಬ ಹಳೆ ಪ್ರಿಂಟರ್ ಪೋರ್ಟಿಗೆ ಕಳಿಸುತ್ತದೆ, ಹೊಸ ಕಂಪ್ಯೂಟರಿಗೆ ಆ ಅಗಲವಾದ ಪೋರ್ಟೇ ಇಲ್ಲ. ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹಂಚಿ, ಅದಕ್ಕೆ ಎಲ್‌ಪಿಟಿ1 ಎಂಬ ಹೆಸರು ಕೊಟ್ಟು ಪ್ರೋಗ್ರಾಮನ್ನು ನಂಬಿಸಿದೆವು.

ಇದರಿಂದ ಒಂದು ಗೊತ್ತಾಯಿತು. ಎಲ್ಲರೂ ಹೆದರಿದ್ದ ಕಡೆ ತೊಂದರೆ ಇರಲಿಲ್ಲ. ತೊಂದರೆ ಇದ್ದ ಕಡೆ ಯಾರೂ ನೋಡಿರಲಿಲ್ಲ.

ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಟ್ಟೆ. ಚೇರಮನ್ನರು ಹಳೆ ಕಾಲದ ವ್ಯಾಪಾರಸ್ಥರು. "ಅಲ್ರೀ ಮೇಡಮ್ಮಾರ, ನಡ್ಯಾಕತ್ತೈತಲ್ಲ, ಸುಮ್ನ ಯಾಕ ಮುಟ್ಟೂದು?" ಎಂದರು. ಒಬ್ಬ ಯುವ ಸಂಚಾಲಕರು ಪೂರ್ತಿ ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಬೇರೆ ಕಂಪನಿಯ ಸರ್ವರಿಗೆ ಹೋಗೋಣ ಎಂದರು. ಇನ್ನೊಬ್ಬರು 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟದ್ದನ್ನು ನೆನಪಿಸಿ, ನಮಗೂ ಅದರಲ್ಲೇ ಸಾಫ್ಟ್‌ವೇರ್ ಸಿಗಲ್ವಾ ಎಂದು ಕೇಳಿದರು. ಆ ಯೋಜನೆ ರೈತರಿಗೆ ಬೆಳೆಸಾಲ ಕೊಡುವ ಹಳ್ಳಿ ಸಂಘಗಳಿಗೆ. ನಮ್ಮಂಥ ಪಟ್ಟಣದ ಪತ್ತಿನ ಸಂಘ ನಮ್ಮ ದುಡ್ಡಿನಲ್ಲೇ ನೋಡಿಕೊಳ್ಳಬೇಕು. ಕೊನೆಗೆ ನಾಲ್ಕು ಕಡೆ ವಿಚಾರಿಸಿ ಬರುವ ಕೆಲಸ ನನ್ನ ಕೊರಳಿಗೇ ಬಿತ್ತು.

ಮೊದಲು ಕ್ಲೌಡ್ ಕಂಪನಿಯವರು ಬಂದರು. ಪರದೆ ಚೆಂದ ಇತ್ತು, ಮೊಬೈಲ್ ಆ್ಯಪ್ ಇತ್ತು. ಶಾಖೆಗೆ ತಿಂಗಳಿಗೆ ಇಷ್ಟು ಬಾಡಿಗೆ. ನಾನು ಒಂದು ಪ್ರಶ್ನೆ ಕೇಳಿದೆ. ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಲೆಕ್ಕ ಯಾವ ರೂಪದಲ್ಲಿ ವಾಪಸ್ ಕೊಡುತ್ತೀರಿ? "ಪಿಡಿಎಫ್‌ನಲ್ಲಿ ಎಲ್ಲಾ ರಿಪೋರ್ಟ್ ಕೊಡ್ತೀವಿ ಮೇಡಂ" ಎಂದರು. ಇಪ್ಪತ್ತು ವರ್ಷದ ಖತಾವಣಿಯನ್ನು ಪಿಡಿಎಫ್‌ನಿಂದ ಮತ್ತೆ ಯಾರು ಟೈಪ್ ಮಾಡಬೇಕು? ಅದನ್ನು ಕರಾರಿನಲ್ಲಿ ಬದಲಿಸಿ ಎಂದು ಕೇಳಿದ್ದಕ್ಕೆ ಮತ್ತೆ ಫೋನ್ ಬರಲಿಲ್ಲ. ಇನ್ನೊಂದು ಅಳುಕೂ ಇತ್ತು. ನಮ್ಮ ಮಾರುಕಟ್ಟೆ ರಸ್ತೆಯನ್ನು ಯಾವಾಗ ಯಾರು ಅಗೆಯುತ್ತಾರೆ ಹೇಳಲು ಬರುವುದಿಲ್ಲ. ಕೇಬಲ್ ಹರಿದ ದಿನ ಕೌಂಟರ್ ಪೂರ್ತಿ ಬಂದ್ ಆದರೆ ಪಿಗ್ಮಿ ದುಡ್ಡು ತರುವ ಏಜೆಂಟರು ನನ್ನ ಟೇಬಲ್ ಮುಂದೆ ಸಾಲು ನಿಲ್ಲುತ್ತಾರೆ.

ಆಮೇಲೆ ಹೊಸದಾಗಿ ಬರೆದುಕೊಡುತ್ತೇವೆ ಎಂದ ಇನ್ನೊಂದು ಸಂಸ್ಥೆ. ಅವರಿಗೆ ಗುಳೇದಗುಡ್ಡ ಶಾಖೆಯ ಹಳೆ ಫೈಲಿನ ಒಂದು ಪ್ರತಿ ಕೊಟ್ಟೆ. ಸದಸ್ಯರ ಹೆಸರು, ವಿಳಾಸ, ಫೋನ್ ತೆಗೆದು ಬರೀ ಖಾತೆ ನಂಬರು ಉಳಿಸಿ ಕೊಟ್ಟೆ. 2023ರಲ್ಲಿ ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಜನರ ಠೇವಿನ ವಿವರ ಪೆನ್‌ಡ್ರೈವ್‌ನಲ್ಲಿ ಊರೂರು ಅಡ್ಡಾಡಬಾರದು. ಅವರು ಅದರ ಮೇಲೆ ತಮ್ಮ ಮಾದರಿ ಸಾಫ್ಟ್‌ವೇರ್ ಓಡಿಸಿ, ಮಾರ್ಚ್ 31ರ ಬಡ್ಡಿ ತೆಗೆದು ತೋರಿಸಿದರು. ನಮ್ಮ ಅಢಾವೆಗೂ ಅವರ ಮೊತ್ತಕ್ಕೂ ತಾಳೆ ಆಗಲಿಲ್ಲ. ದೊಡ್ಡ ವ್ಯತ್ಯಾಸ ಅಲ್ಲ, ಕೆಲವು ಖಾತೆಗಳಲ್ಲಿ ಒಂದೊಂದು ರೂಪಾಯಿ.

"ಒಂದ್ರುಪಾಯಿ ಬಿಡ್ರಿ ಮೇಡಂ" ಎಂದರು. ಸಹಕಾರ ಸಂಘದಲ್ಲಿ ಒಂದು ರೂಪಾಯಿ ಬಿಡಲು ಬರುವುದಿಲ್ಲ. ಆಡಿಟರ್ ಬಿಟ್ಟರೂ ಪಿಗ್ಮಿ ಕಟ್ಟುವ ತರಕಾರಿ ಅಂಗಡಿ ಅಜ್ಜಿ ಬಿಡುವುದಿಲ್ಲ.

ಪುಣೆಯ ಅಣ್ಣಾರಿಗೆ ಪಟ್ಟಿ ಕಳಿಸಿದೆ. ವ್ಯತ್ಯಾಸ ಬಂದ ಎಲ್ಲ ಖಾತೆಗಳಲ್ಲೂ ಬಡ್ಡಿ ಸರಿಯಾಗಿ 50 ಪೈಸೆಗೆ ಮುಗಿಯುತ್ತಿತ್ತು. ಅವರಿಗೆ ಕೂಡಲೇ ಹೊಳೆಯಿತು. ವಿಬಿ6ರ ರೌಂಡ್ ಎನ್ನುವ ಆಜ್ಞೆ ಅರ್ಧ ರೂಪಾಯಿಯನ್ನು ಯಾವಾಗಲೂ ಮೇಲಕ್ಕೆ ಏರಿಸುವುದಿಲ್ಲ, ಹತ್ತಿರದ ಸಮ ಸಂಖ್ಯೆಗೆ ತರುತ್ತದೆ. 112.50 ಇದ್ದರೆ 112. 113.50 ಇದ್ದರೆ 114. ಹೊಸಬರು ಬಡ್ಡಿ ಲೆಕ್ಕವನ್ನು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸಿನ ಒಳಗೆ ಹಾಕಿದ್ದರು. ಅಲ್ಲಿನ ರೌಂಡ್ ನಾವು ಶಾಲೆಯಲ್ಲಿ ಕಲಿತ ಹಾಗೆ, 112.50 ಅಂದರೆ 113. ಹೆಸರು ಒಂದೇ, ನಡತೆ ಬೇರೆ.

ಇನ್ನೂ ತಮಾಷೆ ಕೇಳಿ. ನಮ್ಮಲ್ಲಿ ಬಹಳ ವರ್ಷದಿಂದ ಒಂದು ದೂರು ಇತ್ತು. ಚೀಟಿಯಲ್ಲಿ ಬಡ್ಡಿ 113 ಎಂದು ಬರುತ್ತದೆ, ಖಾತೆಗೆ 112 ಜಮಾ ಆಗುತ್ತದೆ. ಎಲ್ಲ ಖಾತೆಯಲ್ಲೂ ಅಲ್ಲ, ಅಪರೂಪಕ್ಕೊಮ್ಮೆ. ಕ್ಯಾಶಿಯರ್ ತಮ್ಮ ಜೇಬಿನಿಂದ ಒಂದು ರೂಪಾಯಿ ಕೊಟ್ಟು ಕಳಿಸಿದ್ದೂ ಉಂಟು. ಕಾರಣ ಈಗ ಸಿಕ್ಕಿತು. ಚೀಟಿ ಅಚ್ಚು ಹಾಕುವ ಕಡೆ ಫಾರ್ಮ್ಯಾಟ್ ಎಂಬ ಬೇರೆ ಆಜ್ಞೆ ಬಳಸಿದ್ದಾರೆ, ಅದು ಅರ್ಧವನ್ನು ಮೇಲಕ್ಕೇ ಏರಿಸುತ್ತದೆ. ಒಂದೇ ಪ್ರೋಗ್ರಾಮಿನಲ್ಲಿ ಎರಡು ನ್ಯಾಯ! ಮುಂದೆ ಯಾವ ನಿಯಮ ಇರಬೇಕು ಎನ್ನುವುದನ್ನು ಪ್ರೋಗ್ರಾಂ ಬರೆಯುವವರು ತೀರ್ಮಾನಿಸುವ ಹಾಗಿಲ್ಲ, ಮಂಡಳಿ ಠರಾವು ಮಾಡಬೇಕು ಎಂದು ನಾನು ಬರೆದಿಟ್ಟುಕೊಂಡೆ.

ಇಷ್ಟಾದರೂ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಕನ್ನಡ.

2003ರಲ್ಲಿ ಸದಸ್ಯರ ಹೆಸರುಗಳನ್ನು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆಗ ಎಲ್ಲ ಕಡೆ ಅದೇ ಇತ್ತು. ಆದರೆ ಆ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದು ಕನ್ನಡ ಅಲ್ಲ. ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಚುಕ್ಕೆ, ಗೀಟು ಇರುವ ಯುರೋಪಿನ ಅಕ್ಷರಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಫಾಂಟ್ ತೆಗೆದರೆ ಬಸಪ್ಪನೂ ಇಲ್ಲ, ಶಾಂತವ್ವನೂ ಇಲ್ಲ. ಅದರಲ್ಲೂ ದೊಡ್ಡ ಅಕ್ಷರ ಒಂದು ಕನ್ನಡ ತುಂಡಾದರೆ ಅದರದೇ ಸಣ್ಣ ಅಕ್ಷರ ಬೇರೆ ತುಂಡು. ಡೇಟಾಬೇಸ್ ಮಾತ್ರ ಹುಡುಕುವಾಗ ದೊಡ್ಡದು ಸಣ್ಣದು ಎರಡೂ ಒಂದೇ ಎನ್ನುತ್ತದೆ. ಒಬ್ಬರ ಹೆಸರು ಹುಡುಕಿದರೆ ಇನ್ನೊಬ್ಬರು ಬರುವುದು ಇದರಿಂದಲೇ. ಅಕಾರಾದಿ ಪಟ್ಟಿ ಕೇಳಿದರೆ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಬರುತ್ತದೆ. ವಾರ್ಷಿಕ ಸಭೆಯ ಸದಸ್ಯರ ಯಾದಿಯನ್ನು ನಾವು ಪ್ರತಿ ವರ್ಷ ಕೈಯಿಂದ ಜೋಡಿಸುತ್ತಿದ್ದೆವು.

ಎಸ್‌ಎಂಎಸ್ ಕನ್ನಡದಲ್ಲಿ ಹೋಗಬೇಕಾದರೆ, ಫೋನಿನಲ್ಲಿ ಹೆಸರು ಕಾಣಬೇಕಾದರೆ ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿ ಆಗಲೇಬೇಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪ್ರೋಗ್ರಾಂಗಳು ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ನೋಡಿಕೊಳ್ಳಬೇಕು. ನುಡಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ರ ಬರಬೇಕು. ಕರ್ಜಗಿ, ಕುರ್ತಕೋಟಿಯಂಥ ಅಡ್ಡಹೆಸರುಗಳನ್ನು ಪರೀಕ್ಷೆಗೆ ಇಟ್ಟುಕೊಂಡೆವು. ನಮ್ಮ ಕಡೆ ಅಡ್ಡಹೆಸರಿಗೇನು ಬರ ಇಲ್ಲವಲ್ಲ. ಒಂದೇ ಕೋಶದಲ್ಲಿ ಅರ್ಧ ಇಂಗ್ಲಿಷ್, ಅರ್ಧ ನುಡಿ ಇದ್ದ ಕಡೆ ಮಾತ್ರ ಕಣ್ಣಿಂದಲೇ ನೋಡಬೇಕಾಯಿತು.

ನಿಜವಾದ ಗಂಟು ಬೇರೆ ಇತ್ತು. ಯೂನಿಕೋಡ್ ಮಾಡಿದ ಹೆಸರನ್ನು ವಿಬಿ6ರ ಪರದೆಯಲ್ಲಿ ತೆರೆದರೆ ಸಾಲು ಸಾಲು ಪ್ರಶ್ನೆ ಚಿಹ್ನೆ. ವಿಬಿ6ರ ಮಾಮೂಲಿ ಪಠ್ಯಪೆಟ್ಟಿಗೆಗೆ ಯೂನಿಕೋಡ್ ಗೊತ್ತಿಲ್ಲ. ಅದು ವಿಂಡೋಸಿನ ಹಳೆ ಅಕ್ಷರಪಟ್ಟಿಗಳನ್ನು ನೆಚ್ಚಿಕೊಂಡಿದೆ, ಕನ್ನಡಕ್ಕೆ ಅಂಥ ಪಟ್ಟಿ ಯಾವತ್ತೂ ಇರಲೇ ಇಲ್ಲ. ಅಂದರೆ ಹೆಸರು ಹೊಸದಾದರೆ ಪರದೆ ಕುರುಡು. ಪರದೆ ಹಳೆಯದೇ ಉಳಿದರೆ ಹೆಸರು ಹಳೆಯದೇ ಇರಬೇಕು. ಇಲ್ಲಿಗೆ ಬಂದು ಬಹಳ ದಿನ ನಿಂತೆವು. ಎಲ್ಲವನ್ನೂ ಒಮ್ಮೆಲೇ ಬದಲಿಸುವುದೇ ದಾರಿಯೇನೋ ಅಂತ ನನಗೂ ಅನಿಸಿಬಿಟ್ಟಿತ್ತು.

ದಾರಿ ತೋರಿಸಿದ್ದು ಪುಣೆಯ ಅಣ್ಣಾರು. "ಅಕ್ಕಾರ, ಎರಡೂ ಇಡೂಣ್ರಿ" ಎಂದರು. ಒಂದು ಕಾಲಂನಲ್ಲಿ ನುಡಿ ಹೆಸರು, ಪಕ್ಕದ ಕಾಲಂನಲ್ಲಿ ಯೂನಿಕೋಡ್ ಹೆಸರು. ಹಳೆ ಪರದೆ ಹಳೆ ಕಾಲಂ ಓದಲಿ. ಯಾದಿ, ಎಸ್‌ಎಂಎಸ್, ಹೊಸ ವರದಿ ಎಲ್ಲ ಹೊಸ ಕಾಲಂ ಓದಲಿ. ಹೊಸ ಸದಸ್ಯರು ಸೇರಿದರೆ ರಾತ್ರಿ ಒಂದು ಸಣ್ಣ ಪ್ರೋಗ್ರಾಂ ಪಕ್ಕದ ಕಾಲಂ ತುಂಬಲಿ. ಇಷ್ಟು ಸರಳ ಉತ್ತರಕ್ಕೆ ಇಷ್ಟು ದಿನ ಬೇಕಾಯಿತಾ ಅಂತ ನಗು ಬಂತು.

ಅವರು ಇನ್ನೊಂದು ದೊಡ್ಡ ಉಪಕಾರ ಮಾಡಿದರು. ಮನೆಯ ಅಟ್ಟದ ಮೇಲಿದ್ದ ಹಳೆ ಹಾರ್ಡ್‌ಡಿಸ್ಕಿನಲ್ಲಿ 2012ರ ಸೋರ್ಸ್ ಹುಡುಕಿದರು. ಅದೇ ಸೋರ್ಸ್ ಎಂದು ನಂಬುವುದು ಹೇಗೆ? ಅದನ್ನು ಮತ್ತೆ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿಸಿ, 2024ರ ಮಾರ್ಚ್ ಅಂತ್ಯದ ಬ್ಯಾಕಪ್ ಮೇಲೆ ಓಡಿಸಿ, ಕೌಂಟರಿನ ಪ್ರೋಗ್ರಾಂ ತೆಗೆದ ಬಡ್ಡಿಯ ಜೊತೆ ಖಾತೆ ಖಾತೆಗೆ ತಾಳೆ ನೋಡಿದೆವು. ಎಲ್ಲ ಕೂಡಿತು, ಆ ಅರ್ಧ ರೂಪಾಯಿಯ ಚಾಳಿಯೂ ಸೇರಿ. ಇದನ್ನೇ ತಾನಾಗಿ ಮೈಕ್ರೋಸಾಫ್ಟಿನ ಹೊಸ ಪದ್ಧತಿಯಾದ ಡಾಟ್‌ನೆಟ್‌ಗೆ ಬದಲಿಸುವ ಸಲಕರಣೆ ಇಲ್ವಾ ಎಂದು ಕೇಳಿದೆ. ಮೈಕ್ರೋಸಾಫ್ಟ್ ಪ್ರೋಗ್ರಾಂ ಬರೆಯುವ ತನ್ನ ವಿಷುವಲ್ ಸ್ಟುಡಿಯೋ 2008ರವರೆಗೆ ಅಂಥದ್ದೊಂದು ಕೊಡುತ್ತಿತ್ತು, 2010ರಲ್ಲಿ ಕೈಬಿಟ್ಟಿತು. ಬದಲಿಸಿದ ಮೇಲೂ ಎಷ್ಟೋ ಕೋಡ್ ಕೈಯಿಂದ ತಿದ್ದಬೇಕಾಗುತ್ತಿತ್ತಂತೆ.

ಡೇಟಾಬೇಸಿನ ಕಡೆ ನೋಡಿದರೆ ಅವಸರ ಅಲ್ಲೇ ಇತ್ತು. ಆಕ್ಸೆಸ್ ಫೈಲು 2 ಜಿಬಿಗಿಂತ ದೊಡ್ಡದಾಗುವ ಹಾಗಿಲ್ಲ. ಮುಖ್ಯ ಕಚೇರಿಯ ಫೈಲು ಅದರ ಹತ್ತಿರ ಬಂದಿತ್ತು. ಒಳಗೆ ಹಣಕಿ ನೋಡಿದರೆ ಲೆಕ್ಕಕ್ಕಿಂತ ಸಹಿಯ ಚಿತ್ರಗಳೇ ಜಾಸ್ತಿ ಜಾಗ ತಿಂದಿದ್ದವು. ಅವನ್ನು ಹೊರಗಿನ ಫೋಲ್ಡರಿಗೆ ಹಾಕಿದ ಮೇಲೆ ಫೈಲು ಹಗುರ ಆಯಿತು. ಆದರೂ ನೆಟ್‌ವರ್ಕಿನಲ್ಲಿ ನಾಲ್ಕು ಜನ ಒಂದೇ ಫೈಲನ್ನು ತೆರೆದು ಕೂತಾಗ ಕರೆಂಟು ಹೋದರೆ ಫೈಲು ಕೆಡುವ ಭಯ ಹೋಗಲಿಲ್ಲ. ಯುಪಿಎಸ್ ಬ್ಯಾಟರಿ ಮುಗಿದ ಬೇಸಿಗೆಗಳಲ್ಲಿ ರಿಪೇರಿ ಬಟನ್ ಒತ್ತಿ ದೇವರ ಮೇಲೆ ಭಾರ ಹಾಕಿದ್ದು ನೆನಪಿದೆ.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಡೇಟಾಬೇಸನ್ನು ಮೊದಲು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ ಸಾಗಿಸೋಣ, ಅದು ಪುಕ್ಕಟೆ, 2022ರ ಆವೃತ್ತಿ 10 ಜಿಬಿವರೆಗೆ ಹಿಡಿಯುತ್ತದೆ, ಪರದೆ ಸದ್ಯಕ್ಕೆ ಹಳೆಯದೇ ಇರಲಿ ಎಂದೆ. ಚೇರಮನ್ನರಿಗೆ ತಿಳಿಯಿತು. "ಹಳೇ ಊರಿಂದ ನವನಗರಕ್ಕ ಹೋಗುವಾಗ ನಾವೂ ಮದ್ಲ ಸಾಮಾನು ಸಾಗಿಸಿದ್ವಿ. ಬಾಗಲಾ ಕಿಟಕಿ ಬಿಚ್ಚಿದ್ದು ಕಡೀಕ. ಹಂಗ ಮಾಡ್ರಿ" ಎಂದರು. ಬಾಗಲಕೋಟೆಯಲ್ಲಿ ಯಾವ ಮಾತು ಶುರುವಾದರೂ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಹೋಗಿ ನಿಲ್ಲುತ್ತದೆ. ಈ ಸಲ ಅದರಿಂದ ಕೆಲಸವೂ ಆಯಿತು. ಎಲ್ಲ ಶಾಖೆಯ ಲೆಕ್ಕದ ಪ್ರತಿ ಎಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬಂತು. ಆಲಮಟ್ಟಿಯ ನೀರಿನ ಮಟ್ಟ ಈಗ 519.6 ಮೀಟರ್, ಅದನ್ನು 524.256ಕ್ಕೆ ಏರಿಸುವ ಮಾತು ವರ್ಷಗಳಿಂದ ಇದೆ. ಹಳೆ ಊರಿನ ಕಚೇರಿಯಲ್ಲಿ ಹೊಸ ಸರ್ವರ್ ಕೂರಿಸಲು ಯಾರಿಗೂ ಮನಸ್ಸಿರಲಿಲ್ಲ. ಪ್ರತಿ ಶಾಖೆಯ ಲೆಕ್ಕ ಆ ಶಾಖೆಯಲ್ಲೇ ಇರಲಿ, ರಾತ್ರಿ ಅದರ ಪ್ರತಿ ನವನಗರಕ್ಕೆ ಹೋಗಲಿ ಎಂದು ಠರಾವು ಆಯಿತು. ಇಂಟರ್‌ನೆಟ್ ಹೋದರೂ ಕೌಂಟರ್ ನಿಲ್ಲುವುದಿಲ್ಲ. ಅರ್ಧ ರೂಪಾಯಿ ಇನ್ನು ಮುಂದೆ ಸದಸ್ಯರ ಪರವಾಗಿ ಮೇಲಕ್ಕೇ ಹೋಗಬೇಕು, ಅದೂ ಹೊಸ ಹಣಕಾಸು ವರ್ಷದಿಂದ ಎಂಬುದು ಎರಡನೇ ಠರಾವು. ಸೋರ್ಸ್ ಕೋಡ್ ಸಂಘದ ಆಸ್ತಿ, ಬದಲಾದಾಗಲೆಲ್ಲ ಅದರ ಪ್ರತಿ ತಿಜೋರಿಗೆ ಬರಬೇಕು ಎನ್ನುವುದು ಮೂರನೆಯದು. ನನಗೆ ಜಾಸ್ತಿ ಸಮಾಧಾನ ತಂದದ್ದು ಈ ಮೂರನೆಯದೇ.

ಮಾರ್ಚ್‌ನಲ್ಲಿ ಇದನ್ನು ಮಾಡುವುದು ಬೇಡ ಎಂದು ಮೊದಲೇ ಹೇಳಿದ್ದೆ. ವರ್ಷಾಂತ್ಯದ ಲೆಕ್ಕ ಒಂದು ಕಡೆ. ಹೋಳಿ ಬಂತೆಂದರೆ ನಮ್ಮ ಊರಲ್ಲಿ ಹಲಗೆ, ಬಣ್ಣ ಬಿಟ್ಟು ಬೇರೆ ಏನೂ ನಡೆಯುವುದಿಲ್ಲ ಎನ್ನುವುದು ಇನ್ನೊಂದು ಕಡೆ. ಹಾಗಾಗಿ ದಸರಾ ಮುಗಿದ ಮೇಲೆ, ಎಲ್ಲಕ್ಕಿಂತ ಸಣ್ಣದಾದ ಗುಳೇದಗುಡ್ಡ ಶಾಖೆಯಿಂದ ಶುರು ಮಾಡಿದೆವು.

ಪರದೆಗೆ ಕೈ ಹಚ್ಚದೆ ಆಗುತ್ತದೆ ಎಂದುಕೊಂಡದ್ದು ಪೂರ್ತಿ ನಿಜ ಆಗಲಿಲ್ಲ. ಆಕ್ಸೆಸ್ ಫೈಲನ್ನು ಹಾಗೇ ಇಟ್ಟು, ಅದರೊಳಗಿನ ಟೇಬಲ್‌ಗಳನ್ನು, ಅಂದರೆ ಲೆಕ್ಕದ ಕೋಷ್ಟಕಗಳನ್ನು ಮಾತ್ರ ಪುಣೆಯ ಅಣ್ಣಾರು ಎಸ್‌ಕ್ಯೂಎಲ್ ಸರ್ವರಿಗೆ ಜೋಡಿಸಿದರು. ಹಳೆ ಪ್ರೋಗ್ರಾಂ ಹಳೆ ಫೈಲನ್ನೇ ತೆರೆಯುತ್ತೇನೆ ಎಂದುಕೊಳ್ಳುತ್ತದೆ, ಲೆಕ್ಕ ಇರುವುದು ಬೇರೆ ಕಡೆ. ತಾರೀಖು ಬರೆಯುವ ರೀತಿ ಎರಡು ಡೇಟಾಬೇಸಿನಲ್ಲಿ ಬೇರೆ ಬೇರೆಯಾದರೂ ನಡುವೆ ಕೂತ ಆಕ್ಸೆಸ್ ಅದನ್ನು ತಿರುಗಿಸಿ ಕೊಡುತ್ತದೆ. ಆದರೆ ಟೇಬಲನ್ನು ನೇರವಾಗಿ ತೆರೆದು ಸೀಕ್ ಎಂಬ ಆಜ್ಞೆಯಿಂದ ಹುಡುಕುವ ಕಡೆಗಳೆಲ್ಲ ನಿಂತವು. ಹೀಗೆ ಜೋಡಿಸಿದ ಟೇಬಲ್ ಮೇಲೆ ಅದು ನಡೆಯುವುದಿಲ್ಲ. ಆ ಕಡೆಗಳನ್ನು ತಿದ್ದಿ, ಜೊತೆಗೆ ತಾರೀಖಿಗೆ ನಾಲ್ಕಂಕಿ ವರ್ಷ ಹಾಕಿ ಹೊಸ ಪ್ರೋಗ್ರಾಂ ಕೊಟ್ಟರು. ಸಾಗಿಸುವಾಗ ಹಳೆ ಕಸವೂ ಹೊರಬಿತ್ತು. ವರ್ಷವನ್ನೇ ತಪ್ಪಾಗಿ ಹೊಡೆದ ಕಂತು ಇತ್ತು. ಜಾಮೀನುದಾರರ ಜಾಗದಲ್ಲಿ ಸಾಲಗಾರರದೇ ಸದಸ್ಯ ನಂಬರು ಇತ್ತು. ಅದು ಸಾಫ್ಟ್‌ವೇರಿನ ಕೆಲಸ ಅಲ್ಲ, ಕಾರ್ಯದರ್ಶಿಗಳ ಟೇಬಲ್‌ಗೆ ಹೋಯಿತು.

ಕೆಲವು ವಾರ ಹಳೆಯದು, ಹೊಸದು ಎರಡರಲ್ಲೂ ಹೊಡೆದು ದಿನಾ ಸಂಜೆ ಕಿರ್ದಿ ತಾಳೆ ನೋಡಿದೆವು. ಸಿಬ್ಬಂದಿ ನನ್ನನ್ನು ಬೈದುಕೊಂಡಿದ್ದು ಕೇಳಿಸಿದೆ, ತಪ್ಪೇನಿಲ್ಲ. ಗುಳೇದಗುಡ್ಡದಲ್ಲಿ ಈಗ ಹೊಸದೊಂದೇ ನಡೆಯುತ್ತಿದೆ. ಇಳಕಲ್ ನಂತರದ ಸರದಿ. ವಿಂಡೋಸ್ 7ರ ಕಂಪ್ಯೂಟರ್‌ಗಳನ್ನು ಇಂಟರ್‌ನೆಟ್‌ನಿಂದ ಬಿಡಿಸಿಟ್ಟಿದ್ದೇವೆ, ಒಂದೊಂದಾಗಿ ಬದಲಾಗುತ್ತವೆ.

ಹೊಸ ಪರದೆಯ ಮಾತು ಆಡಿಟ್ ಮುಗಿದ ಮೇಲೆ ಎಂದು ಮಂಡಳಿ ಹೇಳಿದೆ. ಆದರೂ ಬ್ರೌಸರಿನಲ್ಲಿ ನಡೆಯುವ ಜಮಾ ಪರದೆಯ ಒಂದು ಮಾದರಿ ಮಾಡಿಸಿ ಕ್ಯಾಶಿಯರ್ ಮುಂದೆ ಇಟ್ಟೆ. ಅವರು ಬಣ್ಣ ನೋಡಲಿಲ್ಲ, ಏನೂ ಕೇಳಲಿಲ್ಲ. ಇಪ್ಪತ್ತು ವರ್ಷದ ರೂಢಿಯಂತೆ ಕಿರ್ದಿ ನೋಡಲು ಎಫ್5 ಒತ್ತಿದರು. ಬ್ರೌಸರಿನಲ್ಲಿ ಎಫ್5 ಅಂದರೆ ಪುಟ ಮತ್ತೆ ಲೋಡ್ ಆಗುವುದು. ತುಂಬಿದ್ದ ಚಲನ್ ಪೂರ್ತಿ ಮಾಯ. ಹೊಸ ಪರದೆಗೆ ಬೇಕಾದ ಅಂಶಗಳ ಯಾದಿಯಲ್ಲಿ ಈಗ ಮೊದಲನೆಯ ಸಾಲು ಅದೇ: ಎಫ್5 ಒತ್ತಿದರೆ ಕಿರ್ದಿ ಬರಬೇಕು.